ಕರಗಿದ ಥರ್ಮೋಕೋಲ್ ಕೋಟೆಯ ಕುರಿತು

ನಿಮ್ಮ ಮಗಳು ಶಾಲೆಗಾಗಿ ಮಾಡುತ್ತಿರುವ ಚಿತ್ರದುರ್ಗದ ಕೋಟೆಯ ಮಾದರಿಗೆ ಸ್ಪ್ರೇ ಪೇಂಟ್ ಹೊಡೆದ ಕೂಡಲೇ ಥರ್ಮೋಕೋಲ್ ಕರಗಿತೆಂದೂ, ಇದಕ್ಕೆ ಬೇರೆ ದಾರಿ ಏನೆಂದೂ ಕೇಳಿದ್ದೀರಿ. ಅಂಥ ಬಣ್ಣದಲ್ಲಿರುವ ದ್ರಾವಕವೇ ಥರ್ಮೋಕೋಲನ್ನು ತಿನ್ನುತ್ತದೆ. ನೀರಿನಲ್ಲಿ ಕಲಸುವ ಬಣ್ಣವನ್ನೂ ಫೆವಿಕಾಲ್‌ನಂಥ ಬಿಳಿ ಅಂಟನ್ನೂ ಬಳಸಿದರೆ ಈ ತೊಂದರೆಯಿಲ್ಲ.

ಆದರೆ ನನ್ನನ್ನು ಕೇಳಿದರೆ, ಥರ್ಮೋಕೋಲನ್ನೇ ಬಿಟ್ಟುಬಿಡಿ. ದುರ್ಗದಲ್ಲೇ ಬೆಳೆದ ನಾನು ಹತ್ತು ವರ್ಷದವನಿದ್ದಾಗ ಇದೇ ಕೋಟೆಯನ್ನು ಕೆರೆಯ ಮಣ್ಣಿನಲ್ಲಿ ಕಟ್ಟಿದ್ದೆ. ಅದು ಎರಡೇ ದಿನಕ್ಕೆ ಒಣಗಿ, ಬತೇರಿಯಿಂದ, ಅಂದರೆ ಮೇಲಿನ ಬುರುಜಿನಿಂದ, ಬುಡದವರೆಗೆ ಬಿರುಕು ಬಿಟ್ಟಿತು. ಆಗ ಅಜ್ಜಿ, ಮೊರಕ್ಕೆ ಮೆತ್ತಲು ರುಬ್ಬಿಟ್ಟಿದ್ದ ಕಾಗದದ ಹಿಟ್ಟಿನಲ್ಲಿ ಒಂದು ಮುದ್ದೆ ತೆಗೆದುಕೊಟ್ಟರು. ಹಳೆಯ ಪತ್ರಿಕೆಗಳನ್ನು ಎರಡು ದಿನ ನೆನೆಸಿ, ಹಿಂಡಿ, ನೆನೆದ ಮೆಂತ್ಯದೊಂದಿಗೆ ನುಣ್ಣಗೆ ರುಬ್ಬಿ, ರಟ್ಟಿನ ಗೋಡೆಯ ಮೇಲೆ ಒಂದು ಪದರ ಒಣಗಿದ ನಂತರ ಇನ್ನೊಂದರಂತೆ ತೆಳ್ಳಗೆ ಮೆತ್ತಬೇಕು. (ಮೆಂತ್ಯದ ವಾಸನೆ ಮಾತ್ರ ಬೇಗ ಹೋಗುವುದಿಲ್ಲ.) ಅರೆಹಸಿಯಾಗಿರುವಾಗ ಬೆಂಕಿಕಡ್ಡಿಯಿಂದ ಗೀರಿದರೆ ಕಲ್ಲಿನ ಸಂದುಗಳು ಮೂಡುತ್ತವೆ, ಇಟ್ಟಿಗೆಯ ಸಾಲಿನಂತೆ ಸಮನಾಗಿ ಗೀರಬೇಡಿ, ನಮ್ಮ ಕೋಟೆಯ ಕಲ್ಲುಗಳು ಒಂದರಂತೆ ಒಂದಿಲ್ಲ.

ಒನಕೆ ಓಬವ್ವನ ಕಿಂಡಿಯನ್ನು ಹೆಚ್ಚಿನವರು ಬಾಗಿಲಿನಷ್ಟು ಮಾಡಿಬಿಡುತ್ತಾರೆ. ಅದು ಒಬ್ಬರು ಬಗ್ಗಿ ನುಸುಳುವಷ್ಟೇ ಕಿರಿದು. 1:100 ಅಳತೆಯಲ್ಲಿ ಆಳಿನ ಎತ್ತರ ಸುಮಾರು 1.6 ಸೆಂ.ಮೀ. ಆಗುವುದರಿಂದ ಕಿಂಡಿಯನ್ನು ಅದಕ್ಕಿಂತ ಚಿಕ್ಕದಾಗಿಯೇ ಕೊರೆಯಿರಿ. ಈ ನಲವತ್ತು ವರ್ಷಗಳಲ್ಲಿ ಆ ಕಿಂಡಿಯನ್ನು ಆರು ಬಾರಿ ಮಾಡಿದ್ದೇನೆ. ಏಳನೆಯದು ಈಗ ನನ್ನ ಮೇಜಿನ ಮೇಲೆ ಒಣಗುತ್ತಿದೆ.