‘ಡೌಟ್ ಇದ್ಯಾ?’ ಅಂದರೆ ಕ್ಲಾಸೇ ಮೌನ

ಪ್ರಶ್ನೆ: ನಾನು ಯೂನಿವರ್ಸಿಟಿಯಲ್ಲಿ ಮೊದಲ ವರ್ಷದವರಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ನೂರಕ್ಕೂ ಜಾಸ್ತಿ ಜನ. ಚೆನ್ನಾಗಿ ತಯಾರಿ ಮಾಡಿಕೊಂಡೇ ಹೋಗುತ್ತೇನೆ. ಕೊನೆಯಲ್ಲಿ ‘ಡೌಟ್ ಇದ್ಯಾ?’ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಟೆಸ್ಟ್ ಪೇಪರ್ ನೋಡಿದರೆ ಬೇಸಿಕ್ಸೇ ಬಂದಿರುವುದಿಲ್ಲ. ಲೆಕ್ಚರ್ ಬಿಡಿ, ಮಕ್ಕಳಿಂದ ಏನಾದರೂ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಇಷ್ಟು ದೊಡ್ಡ ಕ್ಲಾಸಿನಲ್ಲಿ ಅದು ಆಗುವ ಮಾತಾ, ಸರ್?

ಉತ್ತರ: ಆಗುತ್ತೆ. ಲೆಕ್ಚರ್ ಬಿಡಬೇಕಾಗಿಲ್ಲ, ‘ಡೌಟ್ ಇದ್ಯಾ?’ ಅನ್ನುವುದನ್ನು ಮೊದಲು ಬಿಡಿ. ಡೌಟ್ ಬರಬೇಕಾದರೂ ವಿಷಯ ಅರ್ಧ ಆದರೂ ತಲೆಗೆ ಹೋಗಿರಬೇಕು. ತಪ್ಪಾಗಿ ತಿಳಿದುಕೊಂಡವನಿಗೆ ಡೌಟೇ ಇರುವುದಿಲ್ಲ, ನನಗೆ ಗೊತ್ತಿದೆ ಅಂತ ನೆಮ್ಮದಿಯಾಗಿ ಕೂತಿರುತ್ತಾನೆ. ಡೌಟ್ ಇರುವವನಿಗೆ ನೂರು ಜನರ ಮುಂದೆ ಎದ್ದು ನಿಲ್ಲಲು ನಾಚಿಕೆ. ಹಾಗಾಗಿ ಆ ಮೌನದಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ಅದರ ಬದಲು ಹೀಗೆ ಮಾಡಿ. ಹದಿನೈದಿಪ್ಪತ್ತು ನಿಮಿಷ ಪಾಠ ಮಾಡಿ ನಿಲ್ಲಿಸಿ. ಒಂದು ಪ್ರಶ್ನೆ ಬೋರ್ಡ್ ಮೇಲೆ ಬರೆಯಿರಿ: ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆದರೆ, ತುತ್ತತುದಿ ಮುಟ್ಟಿದ ಆ ಕ್ಷಣದಲ್ಲಿ ಅದರ ವೇಗೋತ್ಕರ್ಷ (ಅಂದರೆ ವೇಗ ಬದಲಾಗುವ ದರ) ಎಷ್ಟು? ಮೂರು ಉತ್ತರ ಕೊಡಿ. ಒಂದು, ಸೊನ್ನೆ. ಎರಡು, ಕೆಳಮುಖವಾಗಿ 9.8 ಮೀ/ಸೆ². ಮೂರು, ಸೊನ್ನೆ ಅಲ್ಲ, ಆದರೆ 9.8ಕ್ಕಿಂತ ಕಡಿಮೆ. ಒಂದು ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ಪ್ರತಿಯೊಬ್ಬರೂ ತಮ್ಮ ಉತ್ತರ ಪುಸ್ತಕದಲ್ಲಿ ಬರೆದಿಡಬೇಕು. ಬರೆಸುವುದನ್ನು ಮಾತ್ರ ಬಿಡಬೇಡಿ, ಬರೆಯದೆ ಇದ್ದರೆ ಆಮೇಲೆ ಎಲ್ಲರೂ ‘ನಾನೂ ಅದೇ ಅಂದ್ಕೊಂಡಿದ್ದೆ’ ಅನ್ನುತ್ತಾರೆ. ನಂತರ ಒಂದು, ಎರಡು, ಮೂರು ಬೆರಳು ಎತ್ತಿಸಿ. ಎದೆಯ ಹತ್ತಿರ ಬೆರಳು ಹಿಡಿದರೆ ಪಕ್ಕದವರಿಗೆ ಕಾಣುವುದಿಲ್ಲ, ನಿಮಗೆ ಕಾಣುತ್ತೆ. ಇದಕ್ಕೆ ಯಾವ ಆ್ಯಪೂ ಬೇಡ.

ಎಷ್ಟೋ ಜನ ಸೊನ್ನೆ ಅಂದಿರುತ್ತಾರೆ, ಸರಿ ಉತ್ತರ ಎರಡನೆಯದು. ನೀವು ಉತ್ತರ ಹೇಳಬೇಡಿ. ಬೇರೆ ಉತ್ತರ ಬರೆದ ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಿ ಅನ್ನಿ, ನೀವು ಬೆಂಚುಗಳ ನಡುವೆ ಓಡಾಡುತ್ತಾ ಕಿವಿಗೊಡಿ. ‘ಅಲ್ಲಿ ನಿಂತೇ ಬಿಡುತ್ತಲ್ಲ, ಸೊನ್ನೆನೇ’ ಅಂತ ಒಬ್ಬ ಅನ್ನುತ್ತಾನೆ. ‘ಸೊನ್ನೆ ಆಗಿದ್ರೆ ಅಲ್ಲೇ ನಿಂತಿರಬೇಕಿತ್ತು, ಮತ್ಯಾಕೆ ಕೆಳಗೆ ಬರುತ್ತೆ?’ ಅಂತ ಪಕ್ಕದವಳು ಕೇಳುತ್ತಾಳೆ. ವೇಗ ಸೊನ್ನೆ ಆಗುವುದು ಬೇರೆ, ವೇಗ ಬದಲಾಗುವುದು ನಿಲ್ಲುವುದು ಬೇರೆ ಅನ್ನುವುದು ಅವನಿಗೆ ಅಲ್ಲಿ ಹೊಳೆಯುತ್ತೆ. ನೀವು ಬೋರ್ಡ್ ಹತ್ತಿರ ನಿಂತು ಅದನ್ನೇ ಹೇಳಿದ್ದರೂ ಅವನಿಗೆ ಹೀಗೆ ತಟ್ಟುತ್ತಿರಲಿಲ್ಲ, ಯಾಕೆಂದರೆ ಆ ಹುಡುಗಿ ಸ್ವಲ್ಪ ಹೊತ್ತಿನ ಮುಂಚೆ ತಾನೇ ಅದೇ ಗೊಂದಲ ದಾಟಿ ಬಂದಿದ್ದಾಳೆ, ನಾವು ದಾಟಿ ಎಷ್ಟೋ ವರ್ಷ ಆಗಿ ಅಲ್ಲೊಂದು ಗೊಂದಲ ಇದೆ ಅನ್ನುವುದೇ ನಮಗೆ ಮರೆತಿರುತ್ತೆ. ಮತ್ತೆ ಬೆರಳು ಎತ್ತಿಸಿ. ಆಮೇಲೆ ನೀವು ವಿವರಿಸಿ. ಆಗ ಕೇಳುವ ಕಿವಿಯೇ ಬೇರೆ.

ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಹೇಳಿಕೊಡುವ ಎರಿಕ್ ಮಜೂರ್ ಈ ಕ್ರಮವನ್ನು 1990ರ ದಶಕದ ಶುರುವಿನಲ್ಲಿ ಬೆಳೆಸಿದರು. ಅವರ ಪಾಠ ಮಕ್ಕಳಿಗೆ ತುಂಬಾ ಇಷ್ಟವಾಗಿತ್ತು, ಲೆಕ್ಕಗಳನ್ನೂ ಮಕ್ಕಳು ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಲೆಕ್ಕ ಇಲ್ಲದ, ಬರೀ ತಿಳಿವಳಿಕೆ ಕೆದಕುವ ಸುಲಭದ ಪ್ರಶ್ನೆಗಳಲ್ಲಿ ಎಡವಿದರು. ಇದಕ್ಕೆ ನೀವು ಹೇಳಿಕೊಟ್ಟ ಹಾಗೆ ಉತ್ತರ ಬರೆಯಲಾ, ನನಗೆ ಅನ್ನಿಸಿದ ಹಾಗೆ ಬರೆಯಲಾ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳಂತೆ. ಮಜೂರ್ ಪಾಲಿಸುವ ಲೆಕ್ಕ ಸರಳ. ಮೊದಲ ಸಲಕ್ಕೆ ಸುಮಾರು 30ರಿಂದ 70 ಪರ್ಸೆಂಟ್ ಜನ ಸರಿ ಉತ್ತರ ಕೊಟ್ಟರೆ ಚರ್ಚೆಗೆ ಬಿಡಿ. ಅದಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ವಿವರಿಸಿ, ಜಾಸ್ತಿ ಇದ್ದರೆ ಮುಂದಕ್ಕೆ ಹೋಗಿ.

ಒಬ್ಬರ ಅನುಭವ ಅಷ್ಟೇ ಅಲ್ವಾ ಅಂತ ನೀವು ಕೇಳಬಹುದು. ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಪಾಠಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ದೊಡ್ಡ ವಿಶ್ಲೇಷಣೆ 2014ರಲ್ಲಿ ಬಂತು. ಬರೀ ಲೆಕ್ಚರ್ ಇದ್ದ ಕ್ಲಾಸುಗಳಲ್ಲಿ ಸರಾಸರಿ ಸುಮಾರು 34 ಪರ್ಸೆಂಟ್ ಜನ ಫೇಲ್ ಆಗಿದ್ದರು. ಮಕ್ಕಳನ್ನು ಹೀಗೆ ಕೆಲಸಕ್ಕೆ ಹಚ್ಚಿದ ಕ್ಲಾಸುಗಳಲ್ಲಿ 22. ಮೂವರಲ್ಲಿ ಒಬ್ಬರು ಫೇಲ್ ಆಗುವುದಕ್ಕೂ ಐವರಲ್ಲಿ ಒಬ್ಬರು ಫೇಲ್ ಆಗುವುದಕ್ಕೂ ಇರುವ ವ್ಯತ್ಯಾಸ ನನಗೆ ಸಣ್ಣದಾಗಿ ಕಾಣುವುದಿಲ್ಲ, ಆ ಮಧ್ಯದಲ್ಲಿ ಇರುವವರು ಕೋರ್ಸನ್ನೇ ಬಿಟ್ಟು ಹೋಗುವ ಮಕ್ಕಳು.

ಇನ್ನೊಂದು ಮಾತು. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಶಾಲೆಗಳ ಪಾಠ ರೆಕಾರ್ಡ್ ಮಾಡಿ ನೋಡಿದರೆ, ಪ್ರಶ್ನೆ ಕೇಳಿ ಟೀಚರ್ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್! ಮೂರು ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡುವ ಮಕ್ಕಳೂ ಹೆಚ್ಚಾದರು. ದೊಡ್ಡವರ ಕ್ಲಾಸಿನಲ್ಲೂ ನಾವು ಇದನ್ನೇ ಮಾಡುತ್ತೇವೆ. ಕೇಳುವವರೂ ನಾವೇ, ಉತ್ತರ ಹೇಳುವವರೂ ನಾವೇ.

ಪೋರ್ಷನ್ ಮುಗಿಯಲ್ಲ ಅನ್ನುವ ಚಿಂತೆ ನಿಮಗೆ ಇದ್ದೇ ಇರುತ್ತೆ. ನಿಜ, ಸ್ವಲ್ಪ ಉಳಿಯುತ್ತೆ. ಸುಲಭದ ಭಾಗವನ್ನು, ಪುಸ್ತಕ ಓದಿದರೆ ಅರ್ಥ ಆಗುವಂಥದ್ದನ್ನು ಮನೆಗೆ ಕೊಡಿ, ಅದರ ಮೇಲೆ ಎರಡು ಪ್ರಶ್ನೆ ಕ್ಲಾಸಿನ ಶುರುವಿನಲ್ಲೇ ಕೇಳಿ. ಕಷ್ಟದ ಜಾಗಕ್ಕೆ ಕ್ಲಾಸಿನ ಹೊತ್ತು ಉಳಿಸಿಕೊಳ್ಳಿ. ವಾರಕ್ಕೆ ಒಂದು ಕ್ಲಾಸಿನಲ್ಲಿ ಒಂದೇ ಪ್ರಶ್ನೆಯಿಂದ ಶುರು ಮಾಡಿದರೂ ಸಾಕು.

ಪ್ರಶ್ನೆ: ನಾನು ಎರಡನೇ ವರ್ಷದ ವಿದ್ಯಾರ್ಥಿನಿ. ನಮ್ಮ ಒಬ್ಬ ಮೇಡಂ ಪಾಠ ಮಾಡುವುದೇ ಕಡಿಮೆ, ಬರೀ ಗುಂಪು ಮಾಡಿಸಿ ಚರ್ಚೆ ಮಾಡಿ ಅನ್ನುತ್ತಾರೆ. ಇನ್ನೊಬ್ಬ ಸರ್ ಪಾಠ ಕೇಳಿದರೆ ನೀರು ಕುಡಿದಷ್ಟು ಸುಲಭವಾಗಿ ಅರ್ಥ ಆಗುತ್ತೆ. ಮೇಡಂ ಕ್ಲಾಸಿನಲ್ಲಿ ಟೈಮ್ ವೇಸ್ಟ್ ಅನ್ನಿಸುತ್ತೆ. ತಪ್ಪಾ?

ಉತ್ತರ: ಅನ್ನಿಸುವುದು ತಪ್ಪಲ್ಲ. ಆದರೆ ಆ ಅನಿಸಿಕೆಯನ್ನು ಪೂರ್ತಿ ನಂಬಬೇಡಿ. ಹಾರ್ವರ್ಡ್‌ನಲ್ಲೇ ಫಿಸಿಕ್ಸ್ ವಿದ್ಯಾರ್ಥಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ವಿಷಯ ಒಂದೇ, ಒಂದು ಗುಂಪಿಗೆ ನುರಿತ ಮೇಷ್ಟ್ರಿಂದ ಸೊಗಸಾದ ಲೆಕ್ಚರ್, ಇನ್ನೊಂದು ಗುಂಪಿಗೆ ಗುಂಪಿನಲ್ಲಿ ಕೂತು ತಾವೇ ಲೆಕ್ಕ ಬಿಡಿಸುವ ಕೆಲಸ. ಲೆಕ್ಚರ್ ಕೇಳಿದವರು ನಾವು ಜಾಸ್ತಿ ಕಲಿತೆವು ಅಂದರು. ಟೆಸ್ಟಿನಲ್ಲಿ ಜಾಸ್ತಿ ಅಂಕ ತೆಗೆದವರು ಒದ್ದಾಡಿದ ಗುಂಪಿನವರು. ತಲೆಗೆ ಕೆಲಸ ಕೊಟ್ಟಾಗ ಕಷ್ಟ ಆಗುತ್ತೆ, ಆ ಕಷ್ಟವನ್ನೇ ನಾವು ‘ನನಗೆ ಬರ್ತಿಲ್ಲ’ ಅಂದುಕೊಳ್ಳುತ್ತೇವೆ.

ಓದುವಾಗಲೂ ಇದೇ ಕಥೆ. 2006ರ ಒಂದು ಪ್ರಯೋಗದಲ್ಲಿ, ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಚೆನ್ನಾಗಿ ನೆನಪಿತ್ತು. ಒಂದು ವಾರದ ನಂತರ ನೋಡಿದರೆ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರೇ ಮುಂದಿದ್ದರು. ಹಾಗಾಗಿ ಆ ಸರ್ ಪಾಠ ಆದ ಸಂಜೆ, ನೋಟ್ಸ್ ತೆಗೆಯದೆ ಒಂದು ಬಿಳಿ ಹಾಳೆಯಲ್ಲಿ ನೆನಪಿದ್ದದ್ದೆಲ್ಲಾ ಬರೆದು ನೋಡಿ. ಎಷ್ಟು ಅರ್ಥ ಆಗಿತ್ತು ಅಂತ ಆ ಹಾಳೆ ಹೇಳುತ್ತೆ.

ಆದರೆ ನಿಮ್ಮ ದೂರಿನಲ್ಲಿ ಹುರುಳೂ ಇರಬಹುದು. ಸುಮ್ನೆ ‘ಚರ್ಚೆ ಮಾಡಿ’ ಅಂತ ಬಿಟ್ಟು, ಪ್ರಶ್ನೆ ಏನು ಅಂತ ಸ್ಪಷ್ಟವಾಗಿ ಕೊಡದೆ, ಕೊನೆಯಲ್ಲಿ ಯಾವುದು ಸರಿ ಯಾಕೆ ಸರಿ ಅಂತ ಹೇಳದೆ ಕ್ಲಾಸ್ ಮುಗಿಸಿದರೆ ಅದು ಪಾಠ ಅಲ್ಲ. ಹಾಗೆ ಆಗುತ್ತಿದ್ದರೆ ಮೇಡಂ ಹತ್ತಿರ ಹೋಗಿ ‘ಕೊನೆಯ ಹತ್ತು ನಿಮಿಷ ನೀವು ವಿವರಿಸಿ ಮೇಡಂ’ ಅಂತ ನೇರವಾಗಿ ಕೇಳಿ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ನನ್ನ ನಂಬಿಕೆ.

ಪ್ರಶ್ನೆ: ಪಿಪಿಟಿ ಹಾಕಿ ಅದನ್ನೇ ಓದುವುದು ಪಾಠವಾ?

ಉತ್ತರ: ಅಲ್ಲ. ಅಚ್ಚು ಬರುವ ಮುಂಚೆ ಯುರೋಪಿನ ಯೂನಿವರ್ಸಿಟಿಗಳಲ್ಲಿ ಮೇಷ್ಟ್ರು ಪುಸ್ತಕ ಓದಿ ಹೇಳುತ್ತಿದ್ದರು, ಯಾಕೆಂದರೆ ಪುಸ್ತಕ ಕೈಯಲ್ಲಿ ಬರೆದದ್ದು, ತುಂಬಾ ದುಬಾರಿ. ಅವತ್ತಿಗೆ ಅದು ಬೇಕಿತ್ತು. ಈಗ ಪಿಪಿಟಿ ಎಲ್ಲರ ಮೊಬೈಲಿನಲ್ಲೇ ಇರುತ್ತೆ. ಸ್ಲೈಡಿನಲ್ಲಿ ಚಿತ್ರ, ನಕ್ಷೆ, ಪ್ರಶ್ನೆ ಇರಲಿ. ವಾಕ್ಯಗಳು ಬೇಡ, ಅದನ್ನು ಹೇಳುವುದಕ್ಕೇ ಮೇಷ್ಟ್ರು ಇರುವುದು.

ಪ್ರಶ್ನೆ: 15 ನಿಮಿಷ ಆದ ಮೇಲೆ ಯಾರಿಗೂ ಗಮನ ಇರುವುದಿಲ್ಲವಂತೆ, ನಿಜವಾ?

ಉತ್ತರ: ಎಲ್ಲರೂ ಹೇಳುತ್ತಾರೆ, ಆದರೆ ಅದಕ್ಕೆ ಗಟ್ಟಿ ಆಧಾರ ಇಲ್ಲ. ಆ ಮಾತಿನ ಮೂಲ ಹುಡುಕಿಕೊಂಡು ಹೋದ ಸಂಶೋಧಕರು 2007ರಲ್ಲಿ ಇದನ್ನೇ ಬರೆದರು. ಗಮನ ಗಡಿಯಾರ ನೋಡಿಕೊಂಡು ಹೋಗುವುದಿಲ್ಲ. ಮೇಷ್ಟ್ರು ಯಾರು, ವಿಷಯ ಏನು, ಮಕ್ಕಳಿಗೆ ಮಾಡಲು ಏನಾದರೂ ಇದೆಯಾ ಅನ್ನುವುದರ ಮೇಲೆ ಹೋಗುತ್ತೆ, ಬರುತ್ತೆ. ಮೊದಲ ಉತ್ತರದಲ್ಲಿ ನಾನು ಹದಿನೈದಿಪ್ಪತ್ತು ನಿಮಿಷ ಅಂದದ್ದು ಪ್ರಶ್ನೆ ಕೇಳಲು ಅಷ್ಟು ಹೊತ್ತಿಗೆ ಒಂದು ವಿಷಯ ಮುಗಿದಿರುತ್ತೆ ಅನ್ನುವ ಕಾರಣಕ್ಕೆ. ನಿಮ್ಮ ವಿಷಯ ಏಳೇ ನಿಮಿಷಕ್ಕೆ ಮುಗಿದರೆ ಅಲ್ಲೇ ನಿಲ್ಲಿಸಿ ಕೇಳಿ.