ಫಿರಂಗಿ ಗುಂಡು ಬೀಳುವ ಕಾಡಿನಲ್ಲಿ ಮರಕುಟಿಗ ಉಳಿದದ್ದು ಹೇಗೆ

ಸೇನೆಯ ತರಬೇತಿ ಜಾಗಗಳಲ್ಲಿ ಪರಿಸರ ಕೆಡದಂತೆ ನೋಡಿಕೊಳ್ಳುವುದು ನಿಜಕ್ಕೂ ಸಾಧ್ಯವಾ, ಇಲ್ಲಾ ಅದೆಲ್ಲ ಬರೀ ಕಾಗದದ ಮೇಲಿನ ಮಾತಾ ಎಂದು ಕೇಳಿದ್ದೀರಿ. ಸಾಧ್ಯ. ಆದರೆ ತಾನಾಗಿಯೇ ಆಗುವುದಿಲ್ಲ. ಕಾನೂನಿನ ಬಿಗಿ ಬೇಕು, ವರ್ಷಗಟ್ಟಲೆ ಬಿಡದೆ ಮಾಡುವ ಕೆಲಸವೂ ಬೇಕು. ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಹಕ್ಕಿ ನೋಡುವ ಹವ್ಯಾಸವಿದೆ. ಹಾಗಾಗಿ ಇಲ್ಲಿನ ಫೋರ್ಟ್ ಬ್ರ್ಯಾಗ್ ಸೇನಾ ನೆಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

1918ರಲ್ಲಿ ಫಿರಂಗಿ ತರಬೇತಿಗೆಂದು ಶುರುವಾದ ನೆಲೆ ಇದು. ಸುಮಾರು 1,60,000 ಎಕರೆ ಮರಳುನೆಲ, ಅದರಲ್ಲಿ ಲಾಂಗ್‌ಲೀಫ್ ಪೈನ್ ಕಾಡು. ಒಂದು ಕಾಲಕ್ಕೆ ಅಮೆರಿಕದ ಆಗ್ನೇಯ ಭಾಗದಲ್ಲಿ ಈ ಕಾಡು ಸುಮಾರು 9 ಕೋಟಿ ಎಕರೆಯಷ್ಟಿತ್ತು. ಮರ ಕಡಿತ, ಟರ್ಪೆಂಟೈನ್ ಉದ್ಯಮ, ಬೇಸಾಯ ಎಲ್ಲ ಸೇರಿ ಕಳೆದ ಶತಮಾನದ ಕೊನೆಯ ಹೊತ್ತಿಗೆ ಶೇ. 3ರಷ್ಟು ಮಾತ್ರ ಉಳಿಯಿತು. ಆ ಕಾಡನ್ನೇ ನಂಬಿದ ಪುಟ್ಟ ಹಕ್ಕಿ ರೆಡ್-ಕಾಕೇಡೆಡ್ ಮರಕುಟಿಗ 1970ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಬೇರೆ ಮರಕುಟಿಗಗಳು ಒಣಮರ ಕೊರೆದರೆ ಇದು ಜೀವಂತ ಹಳೆಯ ಪೈನ್ ಮರದಲ್ಲಿ ಪೊಟರೆ ಮಾಡುತ್ತದೆ. ಒಂದು ಪೊಟರೆಗೆ ವರ್ಷಗಳೇ ಹಿಡಿಯಬಹುದು. ಪೊಟರೆಯ ಸುತ್ತ ತೊಗಟೆ ಕುಕ್ಕಿ ಅಂಟು ಸುರಿಯುವ ಹಾಗೆ ಮಾಡುತ್ತದೆ. ಹಾವು ಹತ್ತಿ ಬರದಿರಲಿ ಅಂತ.

ಈ ಕಾಡು ಬದುಕಿರುವುದೇ ಬೆಂಕಿಯಿಂದ. ಲಾಂಗ್‌ಲೀಫ್ ಸಸಿ ಮೊದಲ ಕೆಲವು ವರ್ಷ ಹುಲ್ಲಿನ ಗಂಟಿನ ಹಾಗೆ ನೆಲಕ್ಕಂಟಿಕೊಂಡೇ ಇರುತ್ತದೆ. ಬೆಂಕಿ ಹಾದುಹೋದರೂ ಉದ್ದನೆಯ ಎಲೆಗಳ ನಡುವಿನ ಮೊಗ್ಗು ಉಳಿದುಕೊಳ್ಳುತ್ತದೆ. ಕೆಳಗೆ ಬೆಳೆಯುವ ವೈರ್‌ಗ್ರಾಸ್ ಎಂಬ ಹುಲ್ಲು ಚೆನ್ನಾಗಿ ಹೂಬಿಡುವುದು ಬೇಸಗೆಯ ಬೆಂಕಿ ಹಾದುಹೋದ ನಂತರ. ಬೆಂಕಿ ನಿಂತರೆ ಓಕ್ ಪೊದೆಗಳು ಎದ್ದು ಪೊಟರೆಯ ಮಟ್ಟಕ್ಕೆ ಬರುತ್ತವೆ, ಆಗ ಹಕ್ಕಿ ಗೂಡು ಬಿಟ್ಟು ಹೋಗುತ್ತದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ (ಒಣಗಿದ ತರಗೆಲೆಗೆ ಹಚ್ಚುವ ಸಣ್ಣ ಬೆಂಕಿ) ನಿಂತ ಮೇಲೆಯೇ ಲಂಟಾನ ಕಾಡನ್ನೆಲ್ಲ ಆವರಿಸಿತು ಎನ್ನುತ್ತಾರಲ್ಲ, ಆ ಮಾತು ಇಲ್ಲಿ ನಿಂತು ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನೆಲೆಯ ಹೊರಗೆ ಬೆಂಕಿ ಆರಿಸುವುದೇ ಅರಣ್ಯ ರಕ್ಷಣೆ ಅಂದುಕೊಂಡಿದ್ದ ಕಾಲದಲ್ಲಿ, ಒಳಗೆ ಫಿರಂಗಿ ಗುಂಡುಗಳು ಬಿದ್ದಲ್ಲೆಲ್ಲ ಬೆಂಕಿ ಹೊತ್ತಿಕೊಳ್ಳುತ್ತಲೇ ಇತ್ತು. ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ, ಆದರೂ ಕಾಡು ಉಳಿಯಿತು.

ಅದೃಷ್ಟ ಅಲ್ಲಿಗೆ ಮುಗಿಯಿತು. 1990ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆ, ಇಲ್ಲಿನ ತರಬೇತಿಯಿಂದ ಈ ಹಕ್ಕಿಯ ಉಳಿವಿಗೇ ಅಪಾಯವಿದೆ ಎಂದು ಬರೆದುಕೊಟ್ಟಿತು. ಪೊಟರೆ ಇರುವ ಮರಗಳಿಗೆ ಬಿಳಿ ಪಟ್ಟಿ ಬಳಿದು, 200 ಅಡಿಯೊಳಗೆ ಬೀಡು ಬಿಡುವುದು, ಗುಂಡಿ ತೋಡುವುದು, ವಾಹನ ನುಗ್ಗಿಸುವುದನ್ನೆಲ್ಲ ನಿರ್ಬಂಧಿಸಲಾಯಿತು. ಸೈನಿಕರಿಗೆ ಸಿಟ್ಟು ಬಂತು, ಅಕ್ಕಪಕ್ಕದ ಜಮೀನಿನವರಿಗೆ ಭಯ ಬಂತು. ಹಕ್ಕಿ ಬಂದು ಕೂತರೆ ಜಮೀನು ಕೈತಪ್ಪೀತು ಎಂದು ಕೆಲವರು ಮರಗಳನ್ನು ಬೇಗನೆ ಕಡಿದರು.

ದಾರಿ ತೆರೆದದ್ದು ಎರಡೂ ಕಡೆಯವರ ಲಾಭವನ್ನು ಒಂದೇ ಗಂಟಿಗೆ ಕಟ್ಟಿದಾಗ. 1995ರಲ್ಲಿ ಈ ಪ್ರದೇಶದಲ್ಲೇ ‘ಸೇಫ್ ಹಾರ್ಬರ್’ ಒಪ್ಪಂದ ಶುರುವಾಯಿತು: ಈಗಿರುವ ಹಕ್ಕಿಗಳನ್ನು ಕಾಪಾಡಿ, ಮುಂದೆ ಹೆಚ್ಚಾದರೆ ನಿಮ್ಮ ಮೇಲೆ ಹೊಸ ನಿರ್ಬಂಧ ಹೇರುವುದಿಲ್ಲ ಎಂದು ಜಮೀನಿನವರಿಗೆ ಮಾತು ಕೊಡಲಾಯಿತು. ಸೇನೆ ‘ದಿ ನೇಚರ್ ಕನ್ಸರ್ವೆನ್ಸಿ’ ಸಂಸ್ಥೆಯ ಜೊತೆ ಸೇರಿ ನೆಲೆಯ ಸುತ್ತಲಿನ ಕಾಡು ಬಡಾವಣೆಗಳ ಪಾಲಾಗದಂತೆ ಕೊಳ್ಳಲು ಹಣ ಹಾಕಿತು. ಹಕ್ಕಿಗೆ ಕಾಡು ಸಿಕ್ಕಿತು. ಗುಂಡಿನ ಸದ್ದಿಗೆ ದೂರು ಕೊಡುವ ಮನೆಗಳು ಬೇಲಿಯ ಪಕ್ಕ ಬರಲಿಲ್ಲ. ಒಳಗೆ ಸುಮಾರು ಮೂರು ವರ್ಷಕ್ಕೊಮ್ಮೆ ಸರದಿಯಂತೆ ಬೆಂಕಿ ಹಾಕಿದರು, ಮರ ಕೊರೆದು ಕೃತಕ ಪೊಟರೆ ಕೂರಿಸಿದರು. ಪೊದೆ ಕಡಿಮೆಯಾದ ತೆರೆದ ಕಾಡು ಸೈನಿಕರ ಓಡಾಟಕ್ಕೂ ಅನುಕೂಲ, ದೊಡ್ಡ ಕಾಡ್ಗಿಚ್ಚು ಎದ್ದು ತರಬೇತಿ ನಿಲ್ಲುವ ಭಯವೂ ಕಡಿಮೆ. 2006ರಲ್ಲಿ 350 ಮರಕುಟಿಗ ಕುಟುಂಬಗಳ ಗುರಿ ಐದು ವರ್ಷ ಮೊದಲೇ ಮುಟ್ಟಿತು, ನಿರ್ಬಂಧಗಳೂ ಸಡಿಲವಾದವು. 2024ರಲ್ಲಿ ಈ ಹಕ್ಕಿಯನ್ನು ‘ಅಳಿವಿನಂಚು’ ಪಟ್ಟಿಯಿಂದ ಅದಕ್ಕಿಂತ ಕಡಿಮೆ ಅಪಾಯದ ಪಟ್ಟಿಗೆ ಇಳಿಸಿದರು.

ನನಗೆ ಇದಕ್ಕಿಂತ ಅಚ್ಚರಿ ಹುಟ್ಟಿಸುವುದು ಸೇಂಟ್ ಫ್ರಾನ್ಸಿಸ್ ಸೇಟರ್ ಎಂಬ ಕಂದು ಚಿಟ್ಟೆ. ಜಗತ್ತಿನಲ್ಲಿ ಇದಿರುವುದು ಈ ನೆಲೆಯಲ್ಲಿ ಮಾತ್ರ, ಅದೂ ಹೆಚ್ಚಾಗಿ ಫಿರಂಗಿ ಗುಂಡುಗಳು ಬೀಳುವ ಜಾಗದಲ್ಲಿ. ಬೇಲಿ ಕಟ್ಟಿ, ಬೆಂಕಿ ತಡೆದು ಕಾಪಾಡಲು ಹೋದ ಜಾಗಗಳಲ್ಲಿ ಚಿಟ್ಟೆ ಕಡಿಮೆಯಾಯಿತು ಎಂದು ಅದನ್ನು ಬಹುಕಾಲ ಅಧ್ಯಯನ ಮಾಡಿದ ನಿಕ್ ಹಡಾಡ್ ಹೇಳಿದ್ದಾರೆ. ಅದಕ್ಕೆ ಬೇಕಾದ ಜೌಗು ಹುಲ್ಲುಗಾವಲು ಆಗಾಗ ಬೀಳುವ ಬೆಂಕಿಯಿಂದ, ಬೀವರ್ ಎಂಬ ಪ್ರಾಣಿಗಳು ತೊರೆಗೆ ಕಟ್ಟುವ ಒಡ್ಡುಗಳಿಂದ ಹುಟ್ಟುವಂಥದ್ದು.

ಹಾಗಂತ ಗುಂಡು ಹಾರಿಸಿದರೆ ಕಾಡು ಬೆಳೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಬೆಂಕಿಗೆ ಹೊಂದಿಕೊಂಡ ಕಾಡು, ಒಳಗೆ ಊರುಗಳಿಲ್ಲದ ನೆಲ, ಲೆಕ್ಕ ಕೇಳುವ ಕಾನೂನು, ಈ ಮೂರೂ ಇಲ್ಲಿ ಕೂಡಿಬಂದವು. ಅಮೆರಿಕದ 1960ರ ಸೈಕ್ಸ್ ಕಾಯ್ದೆಗೆ 1997ರಲ್ಲಿ ಮಾಡಿದ ತಿದ್ದುಪಡಿಯಂತೆ, ನೈಸರ್ಗಿಕ ಸಂಪತ್ತಿರುವ ಪ್ರತಿ ಸೇನಾ ನೆಲೆಯೂ ವನ್ಯಜೀವಿ ಇಲಾಖೆಯ ಜೊತೆ ಕೂತು ನಿರ್ವಹಣಾ ಯೋಜನೆ ಬರೆಯಬೇಕು, ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಭಾರತದಲ್ಲಿ ಗುಂಡು ತರಬೇತಿಯ ಜಾಗಗಳಿಗೆ ಆಧಾರ 1938ರ ಕಾಯ್ದೆ. ಅದು ಮುಖ್ಯವಾಗಿ ಮಾತಾಡುವುದು ಜನರನ್ನು ಹೊರಗಿಡುವ ಅಧಿಕಾರ ಮತ್ತು ನಷ್ಟ ಪರಿಹಾರದ ಬಗ್ಗೆ.

ಕಾಶ್ಮೀರದ ತೋಸಮೈದಾನ್ ನೋಡಿ. 1964ರಿಂದ 2014ರವರೆಗೆ ಫಿರಂಗಿ ತರಬೇತಿ ನಡೆದ ಆ ಹುಲ್ಲುಗಾವಲು ಸುತ್ತಲಿನ ಹಳ್ಳಿಗಳಿಗೆ ಕುರಿ ಮೇಯಿಸುವ ಜಾಗ. ಸಿಡಿಯದೆ ಉಳಿದ ಶೆಲ್‌ಗಳಿಗೆ ಹತ್ತಾರು ಜನ ಬಲಿಯಾದರು. ಸೇನೆಗೆ ಆ ಜಾಗ ಕೊಟ್ಟಿದ್ದ ಗುತ್ತಿಗೆಯನ್ನು ಮುಂದುವರಿಸಬೇಡಿ ಎಂದು ಹಳ್ಳಿಯವರೇ ಹೋರಾಡಿ ಗೆದ್ದರು. ಆಮೇಲೆ ಸೇನೆ ಅಲ್ಲಿ ಶೆಲ್ ಹುಡುಕಿ ತೆಗೆಯುವ ಕೆಲಸ ಮಾಡಿತು. ಅಂಥ ನೆಲದಲ್ಲಿ ಹಕ್ಕಿ ಎಣಿಸುವ ಮೊದಲು ಆಗಬೇಕಾದದ್ದು ಬೇರೆ: ಪ್ರತಿ ತರಬೇತಿ ಮುಗಿದ ತಕ್ಷಣ ಶೆಲ್ ತೆರವು, ಮೇವಿನ ಕಾಲಕ್ಕೆ ಬಿಡುವು, ಮತ್ತು ಯೋಜನೆ ಬರೆಯುವಾಗ ಕುರಿಗಾಹಿಗಳಿಗೂ ಅಲ್ಲೊಂದು ಕುರ್ಚಿ.