ಬೇರಿಂಗ್ ಹೋದ ಮೆಷಿನ್ನಿನ ಸದ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹಿರಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳನ್ನು ಮಗನೆಂದೇ ಬೆಳೆಸಿದ್ದೆವು. ತಾನು ಹೆಣ್ಣೆಂದು ಎರಡು ವರ್ಷದ ಹಿಂದೆ ಹೇಳಿದಳು. ಒಪ್ಪಿಕೊಳ್ಳಲು ನಮಗೆ ಸಮಯ ಹಿಡಿಯಿತು. ಹಬ್ಬಕ್ಕೆ ಬಂದಾಗೆಲ್ಲ ಕೋಣೆಯಲ್ಲಿ ‘ಇಂಡಸ್ಟ್ರಿಯಲ್’ ಎಂಬ ಸಂಗೀತ ಹಚ್ಚುತ್ತಾಳೆ. ಹಾಡುವವರಲ್ಲಿ ಅನೇಕರು ತನ್ನಂಥವರೇ ಎನ್ನುತ್ತಾಳೆ. ಹನ್ನೆರಡು ವರ್ಷ ಹಿಂದುಸ್ತಾನಿ ಕಲಿತ ನನಗೆ ಅದರಲ್ಲಿ ಚೀರಾಟವಲ್ಲದೆ ಬೇರೇನೂ ಕೇಳಿಸುವುದಿಲ್ಲ. ಹರಿಹರದಲ್ಲಿ ಲೇಥ್ ಮೇಲೆ ದುಡಿದ ನಮ್ಮ ಯಜಮಾನರು “ಇದು ಬೇರಿಂಗ್ ಹೋದ ಮೆಷಿನ್ನಿನ ಸದ್ದು” ಎಂದುಬಿಟ್ಟರು. ಇದು ಸಂಗೀತವೇ? ಅವಳ ಮನಸ್ಸಿಗೆ ಇದರಿಂದ ಕೇಡಾಗುವುದಿಲ್ಲವೇ?
— ಹೆಸರು ಬೇಡವೆಂದಿರುವ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಯಜಮಾನರ ಕಿವಿ ತಪ್ಪಿಲ್ಲ; ಆ ಸಂಗೀತವನ್ನು ಕಟ್ಟಿದವರು ಅದೇ ಮಾತನ್ನು ಮೆಚ್ಚುಗೆಯೆಂದು ತೆಗೆದುಕೊಳ್ಳುತ್ತಿದ್ದರು. 1975ರಲ್ಲಿ ಲಂಡನ್ನಿನಲ್ಲಿ ಥ್ರಾಬಿಂಗ್ ಗ್ರಿಸಲ್ ಎಂಬ ನಾಲ್ವರ ತಂಡ ಹುಟ್ಟಿತು. ಮರುವರ್ಷ ಅವರೇ ಸ್ಥಾಪಿಸಿಕೊಂಡ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಪುಟ್ಟ ಸಂಸ್ಥೆಯಿಂದಲೇ ಈ ಪ್ರಕಾರಕ್ಕೆ ಹೆಸರು ಬಂದಿತು. ಟೇಪುಗಳನ್ನು ಕತ್ತರಿಸಿ ಅಂಟಿಸುವುದು, ಕೈಯಾರೆ ಬೆಸುಗೆ ಹಾಕಿದ ಸರ್ಕ್ಯೂಟುಗಳ ಮೂಲಕ ಗಿಟಾರನ್ನೂ ಕಂಠವನ್ನೂ ಹಾಯಿಸಿ ಗುರುತು ಸಿಗದಂತೆ ಮಾಡುವುದು ಅವರ ಕಸುಬಾಗಿತ್ತು. 1976ರ ಅವರ ಪ್ರದರ್ಶನವೊಂದನ್ನು ಕಂಡ ಬ್ರಿಟಿಷ್ ಸಂಸದರೊಬ್ಬರು ‘ನಾಗರಿಕತೆಯನ್ನು ಹಾಳುಗೆಡವುವವರು’ ಎಂದು ಜರೆದರು.

ಆ ನಾಲ್ವರಲ್ಲಿ ಪೀಟರ್ ಕ್ರಿಸ್ಟಫರ್‌ಸನ್ ಸಲಿಂಗಕಾಮಿ. ಮುಂದೆ ಅವರು ಜಾನ್ ಬ್ಯಾಲೆನ್ಸ್ ಜೊತೆಗೂಡಿ ಕಾಯಿಲ್ ಎಂಬ ತಂಡ ನಡೆಸಿದರು, ಮತ್ತು 1985ರಲ್ಲಿ, ಏಡ್ಸ್ ಎಂದರೆ ಜನ ಮುಖ ತಿರುಗಿಸುತ್ತಿದ್ದ ಕಾಲದಲ್ಲಿ, ತಮ್ಮ ಒಂದು ರೆಕಾರ್ಡಿನ ಗಳಿಕೆಯನ್ನು ಏಡ್ಸ್ ರೋಗಿಗಳಿಗೆ ನೆರವಾಗುತ್ತಿದ್ದ ಟೆರೆನ್ಸ್ ಹಿಗಿನ್ಸ್ ಟ್ರಸ್ಟಿಗೆ ಕೊಟ್ಟರು. ಇನ್ನೊಬ್ಬ ಸದಸ್ಯ ಜೆನೆಸಿಸ್ ಪಿ-ಆರಿಡ್ಜ್ ಮುಂದೆ ತಮ್ಮ ಸಂಗಾತಿ ಲೇಡಿ ಜೇಯೊಡನೆ ಶಸ್ತ್ರಚಿಕಿತ್ಸೆಗಳ ಮೂಲಕ ಒಬ್ಬರನ್ನೊಬ್ಬರು ಹೋಲುವಂತೆ ದೇಹಗಳನ್ನು ಬದಲಿಸಿಕೊಂಡು, ಗಂಡು-ಹೆಣ್ಣೆಂಬ ಗೆರೆಯನ್ನೇ ಅಳಿಸಲು ಹೊರಟರು. ಆದರೆ ಇವರನ್ನು ಆದಿಗುರುಗಳ ಪೀಠದಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ: ತಂಡದ ಸಹಸದಸ್ಯೆ ಕೋಸಿ ಫ್ಯಾನಿ ಟುಟಿ 2017ರ ತಮ್ಮ ಆತ್ಮಕಥೆಯಲ್ಲಿ ಪಿ-ಆರಿಡ್ಜ್ ಮೇಲೆ ಹಿಂಸೆಯ ಗಂಭೀರ ಆರೋಪಗಳನ್ನು ಮಾಡಿದ್ದಾರೆ, ಪಿ-ಆರಿಡ್ಜ್ ಅವನ್ನು ಅಲ್ಲಗಳೆದಿದ್ದರು. ಇಂಡಸ್ಟ್ರಿಯಲ್ ಲೋಕ ಎಲ್ಲ ಕಾಲದಲ್ಲೂ ನಿಮ್ಮ ಮಗಳಂಥವರನ್ನು ಬರಮಾಡಿಕೊಂಡಿತ್ತೆಂದೂ ಹೇಳಲಾಗದು. ಬೂಟು, ಸೈನಿಕರ ಉಡುಪು, ಗಂಡಸುತನದ ಅಬ್ಬರ ಅದರ ಒಂದು ಕವಲನ್ನು ಬಹುಕಾಲ ಆಳಿದವು.

ಹಾಗಿದ್ದೂ ಲಿಂಗತ್ವ ಅಲ್ಪಸಂಖ್ಯಾತರು ಇದನ್ನೇ ಏಕೆ ತಮ್ಮದಾಗಿಸಿಕೊಂಡರು? ಸಂಗೀತ ಕಲಿತವರಾದ ನಿಮಗೆ ಇದನ್ನು ಕಂಠದ ಕಡೆಯಿಂದ ಹೇಳುವುದು ಸುಲಭ. ಹಾರ್ಮೋನಿಯಂನಲ್ಲಿ ಗಂಡಸರು ಸಾಮಾನ್ಯವಾಗಿ ಕರಿ ಒಂದರ ಆಸುಪಾಸಿನಲ್ಲಿ, ಹೆಂಗಸರು ಕರಿ ನಾಲ್ಕು-ಐದರ ಆಸುಪಾಸಿನಲ್ಲಿ ಷಡ್ಜ ಹಿಡಿಯುವುದನ್ನು ನೀವು ಕಂಡವರೇ. ಹದಿಹರೆಯದಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಧ್ವನಿತಂತುಗಳನ್ನು ಒಮ್ಮೆ ದಪ್ಪಗೊಳಿಸಿದರೆ, ಮುಂದೆ ಹೆಣ್ತನದ ಹಾರ್ಮೋನಾದ ಈಸ್ಟ್ರೋಜನ್ ತೆಗೆದುಕೊಂಡರೂ ಅವು ಮತ್ತೆ ತೆಳುವಾಗುವುದಿಲ್ಲ. ಉಡುಪು, ಕೂದಲು, ಚರ್ಮ ಎಲ್ಲ ಬದಲಾದ ಮೇಲೂ ದನಿ ಹಳೆಯದೇ ಉಳಿಯುತ್ತದೆ. ತಿಂಗಳುಗಟ್ಟಲೆ ಸಾಧನೆ ಮಾಡಿ ಅದನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಫೋನಿನಲ್ಲಿ “ಹಲೋ” ಎಂದ ಕೂಡಲೇ ಆ ಕಡೆಯಿಂದ “ಹೇಳಿ ಸರ್” ಎಂಬ ಉತ್ತರ ಬಂದಾಗ ಒಬ್ಬ ಹೆಣ್ಣುಮಗಳಿಗೆ ಏನಾಗಬಹುದೆಂದು ಊಹಿಸಿ.

ಇಂಡಸ್ಟ್ರಿಯಲ್ ಸಂಗೀತದಲ್ಲಿ ಕಂಠವೂ ಒಂದು ಕಚ್ಚಾ ಸರಕು. ಜಾತ್ರೆಯಲ್ಲಿ ಮೈಕಿನವನು ವಾಲ್ಯೂಮ್ ಮಿತಿಮೀರಿ ಏರಿಸಿದಾಗ ಕಹಳೆ ಸ್ಪೀಕರಿನಿಂದ ಬರುವ ಹರಿದ ದನಿಯನ್ನು ನೀವು ಕೇಳಿದ್ದೀರಿ. ಸದ್ದಿನ ಅಲೆಯ ನೆತ್ತಿಯನ್ನು ಸರ್ಕ್ಯೂಟು ಸಮತಟ್ಟಾಗಿ ಕತ್ತರಿಸಿಬಿಡುವುದರಿಂದ ಮೂಲ ದನಿಯಲ್ಲಿರದ ಹೊಸ ಸ್ವರಾಂಶಗಳು ಹುಟ್ಟಿಕೊಳ್ಳುತ್ತವೆ. ನಾವು ಮೈಕಿನವನನ್ನು ಬೈದು ಸರಿಮಾಡಿಸುತ್ತೇವೆ, ಇವರು ಬೇಕೆಂದೇ ಹಾಗೆ ಮಾಡುತ್ತಾರೆ. ದನಿಯನ್ನು ಕಂಪ್ಯೂಟರಿನಲ್ಲಿ ಮೇಲೆತ್ತಿ, ತಗ್ಗಿಸಿ, ಹರಿದು, ಒಂದರ ಮೇಲೊಂದು ಪೇರಿಸಿದ ಮೇಲೆ ಅದು ಗಂಡಿನದೋ ಹೆಣ್ಣಿನದೋ ಎಂದು ಕೇಳುವ ಪ್ರಶ್ನೆಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಕೇಳುವವರ ಕಿವಿಗೆ ಹೆಣ್ಣಾಗಿ ‘ಕೇಳಿಸಬೇಕಾದ’ ಪರೀಕ್ಷೆಯಿಂದ ಮೂರು ನಿಮಿಷದ ಬಿಡುವು ಅದು. ಬ್ಲ್ಯಾಕ್ ಡ್ರೆಸಸ್ ಎಂಬ ಕೆನಡಾದ ಜೋಡಿಯ ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿದರೆ, ತಗಡಿನ ಮೇಲೆ ಸುತ್ತಿಗೆ ಬಿದ್ದಂತಹ ತಾಳದ ಅಡಿಯಲ್ಲಿ, ಮಕ್ಕಳು ಗುನುಗುವಂತಹ ಸರಳವಾದ ಧಾಟಿಯೊಂದು ಸಿಗುತ್ತದೆ. ನಿಮಗೆ ಚೀರಾಟದಂತೆ ಕೇಳಿಸಿದ್ದು ಆ ಧಾಟಿಯ ಸುತ್ತ ಕಟ್ಟಿದ ಬೇಲಿಯಿರಬಹುದು.

ಕಂಠಕ್ಕೂ ಹೆಣ್ತನಕ್ಕೂ ಇರುವ ನಂಟನ್ನು ಪ್ರಶ್ನಿಸಲು ಲಂಡನ್ನಿಗೇ ಹೋಗಬೇಕಾಗಿಯೂ ಇಲ್ಲ. ಗಂಟಲಿನ ಚಿಕಿತ್ಸೆಯ ಬಳಿಕ ದನಿ ತಗ್ಗಿಹೋದ ಗಂಗೂಬಾಯಿ ಹಾನಗಲ್ಲರನ್ನು ರೇಡಿಯೋದಲ್ಲಿ ಕೇಳಿ ಗಂಡಸೆಂದುಕೊಂಡವರಿದ್ದರು. ಅದೇ ದನಿಗೆ ಹುಬ್ಬಳ್ಳಿಯಿಂದ ಆಚೆಗೂ ದೇಶ ತಲೆದೂಗಿತು. ಎರಡೂ ಒಂದೇ ಬಗೆಯ ಅನುಭವವೆಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಗುರುಪರಂಪರೆಯ ಕಿವಿಗೆ ಈ ಪಾಠ ಹೊಸದೇನಲ್ಲ.

ಕೇಡಿನ ಮಾತಿಗೆ ಬಂದರೆ, ಸಿಟ್ಟು ಮತ್ತು ಭಯವನ್ನು ಹಾಡಾಗಿ ಕೇಳುವುದರಿಂದ ಅವು ಹೊಸದಾಗಿ ಹುಟ್ಟುವುದಿಲ್ಲ; ಅವು ಬೀದಿಯಲ್ಲಿ, ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ ಮೊದಲೇ ಸಿಕ್ಕಿರುತ್ತವೆ. ಅವಳು ಊಟ ನಿದ್ದೆ ಬಿಟ್ಟಿದ್ದರೆ, ಬದುಕಿನ ಬಗ್ಗೆ ನಿರಾಸೆಯ ಮಾತಾಡಿದರೆ, ಆಗ ಹಾಡನ್ನು ದೂರದೆ ಅವಳೊಡನೆ ಕೂತು ಮಾತಾಡಿ, ಮನೋವೈದ್ಯರ ನೆರವನ್ನೂ ಪಡೆಯಿರಿ.

ಪ್ರಶ್ನೆ: ಇಂಥ ಕಲಾವಿದರು ದೊಡ್ಡ ಕಂಪನಿಗಳಿಗೆ ಏಕೆ ಹಾಡುವುದಿಲ್ಲ? ಅವಕಾಶ ಸಿಗುವುದಿಲ್ಲವೋ, ಅವರಿಗೇ ಬೇಡವೋ?
— ಕಾಲೇಜು ವಿದ್ಯಾರ್ಥಿ, ಮಂಗಳೂರು

ಉತ್ತರ: ಎರಡೂ ಹೌದು. ದೊಡ್ಡ ಕಂಪನಿಯ ಬೆಳಕಿನಲ್ಲಿ ನಿಂತವರಿಗೆ ಏನಾಗಿತ್ತೆಂಬುದಕ್ಕೆ ಅಮೆರಿಕದ ಸಂಗೀತಗಾರ್ತಿ ವೆಂಡಿ ಕಾರ್ಲೋಸ್ ಸಾಕ್ಷಿ. 1968ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕಾರ ಬಾಕ್‌ನ ಕೃತಿಗಳನ್ನು ವಿದ್ಯುತ್ತಿನಿಂದ ನಾದ ಹುಟ್ಟಿಸುವ ಮೂಗ್ ಸಿಂಥಸೈಜರಿನಲ್ಲಿ ನುಡಿಸಿದ ಅವರ ರೆಕಾರ್ಡು ಅಪಾರವಾಗಿ ಮಾರಾಟವಾಯಿತು. ಹೆಣ್ಣಾಗಿ ಬದುಕಲು ತೊಡಗಿದ್ದರೂ, ಜನರ ಮುಂದೆ ಬರಬೇಕಾದಾಗ ಅವರು ಕೆನ್ನೆಗೆ ನಕಲಿ ಕೂದಲು ಅಂಟಿಸಿಕೊಂಡು ಗಂಡಸಿನ ವೇಷ ಹಾಕಿಕೊಳ್ಳುತ್ತಿದ್ದರು. ಸತ್ಯ ಹೇಳಿಕೊಂಡದ್ದು 1979ರಲ್ಲಿ. ಇಂದು ಒಂದು ಲ್ಯಾಪ್‌ಟಾಪ್, ಒಂದು ಮೈಕು, ಬಾಗಿಲು ಹಾಕಿದ ಒಂದು ಕೋಣೆ ಇದ್ದರೆ ಆಲ್ಬಂ ಸಿದ್ಧವಾಗುತ್ತದೆ. 2008ರಲ್ಲಿ ಆರಂಭವಾದ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಕಲಾವಿದರೇ ಬೆಲೆ ನಿಗದಿಮಾಡಿ ಮಾರಬಹುದು, ತಾಣ ಡಿಜಿಟಲ್ ಮಾರಾಟದಲ್ಲಿ ಶೇ. 15ರಷ್ಟನ್ನು ಇಟ್ಟುಕೊಳ್ಳುತ್ತದೆ. ಟ್ರಾನ್ಸ್ (ಹುಟ್ಟಿನಲ್ಲಿ ಗುರುತಿಸಿದ ಲಿಂಗ ತಮ್ಮದಲ್ಲವೆನ್ನುವ) ವ್ಯಕ್ತಿಗಳು ಸೈನ್ಯಕ್ಕೆ ಬೇಡವೆಂದು ಅಮೆರಿಕದ ಅಧ್ಯಕ್ಷರು ಘೋಷಿಸಿದಾಗ, 2017ರ ಆಗಸ್ಟ್ 4ರಂದು ಆ ತಾಣ ತನ್ನ ಇಡೀ ದಿನದ ಪಾಲನ್ನು ಟ್ರಾನ್ಸ್‌ಜೆಂಡರ್ ಲಾ ಸೆಂಟರ್ ಎಂಬ ಸಂಸ್ಥೆಗೆ ಕೊಟ್ಟಿತು.

ಸ್ವತಂತ್ರವಾಗಿರುವುದಕ್ಕೂ ಬೆಲೆಯಿದೆ. ಮೇಲೆ ಹೇಳಿದ ಬ್ಲ್ಯಾಕ್ ಡ್ರೆಸಸ್ ಜೋಡಿಯ ಹಾಡೊಂದು ಕಿರುವಿಡಿಯೋಗಳ ಮೂಲಕ ಎಲ್ಲೆಡೆ ಹಬ್ಬಿದಾಗ, ಅಭಿಮಾನಿಗಳೆನಿಸಿಕೊಂಡವರ ಕಿರುಕುಳ ತಾಳಲಾರದೆ 2020ರಲ್ಲಿ ತಂಡವನ್ನೇ ಮುಗಿಸಿದರು. ಕಂಪನಿಯಿದ್ದಿದ್ದರೆ ಬಾಗಿಲಲ್ಲಿ ನಿಲ್ಲಲು ಒಬ್ಬರಾದರೂ ಇರುತ್ತಿದ್ದರು. ಮರುವರ್ಷವೇ ಅವರ ಹೊಸ ಆಲ್ಬಂ ಬಂತೆನ್ನುವುದು ಬೇರೆ ಮಾತು. ಹಾಡುವುದನ್ನು ಬಿಡುವುದು ತಂಡವನ್ನು ಬಿಟ್ಟಷ್ಟು ಸುಲಭವಲ್ಲವೆಂದು ಕಾಣುತ್ತದೆ.

ಪ್ರಶ್ನೆ: ನಮ್ಮಲ್ಲಿ ಜೋಗತಿಯರು ತಲೆಮಾರುಗಳಿಂದ ಹಾಡುತ್ತಿದ್ದಾರೆ. ಇದನ್ನು ಅದರ ಪಾಶ್ಚಾತ್ಯ ರೂಪವೆನ್ನಬಹುದೇ?
— ನಿವೃತ್ತ ಶಿಕ್ಷಕರು, ಹೊಸಪೇಟೆ

ಉತ್ತರ: ಹಾಗೆನ್ನಲು ನಾನು ಹಿಂಜರಿಯುತ್ತೇನೆ. ಚೌಡಿಕೆಯ ತಂತಿ ಗುಂಯ್‌ಗುಡುವ ಒರಟು ನಾದಕ್ಕೂ ಈ ಸದ್ದಿಗೂ ಕಿವಿಯ ಮಟ್ಟದಲ್ಲಿ ಹೋಲಿಕೆ ಕಾಣಬಹುದು, ಅಷ್ಟೇ. 2021ರ ಪದ್ಮಶ್ರೀ ಪಡೆದ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿಯವರ ಪರಂಪರೆಯಲ್ಲಿ ಗುರುವಿದ್ದಾರೆ, ಮೇಳವಿದೆ, ಸವದತ್ತಿಯ ಎಲ್ಲಮ್ಮನಿದ್ದಾಳೆ. ದೇವಿಯೇ ಮೈಮೇಲೆ ಬಂದು ಕರೆದಳೆಂಬ ನಂಬಿಕೆ ಆ ಬದುಕಿಗೆ ಊರ ಮುಂದೆ ಒಂದು ಜಾಗ ಕೊಟ್ಟಿದೆ, ಅದು ಎಷ್ಟೇ ಇಕ್ಕಟ್ಟಿನದಾಗಿದ್ದರೂ. ಈಚಿನ ಇಂಡಸ್ಟ್ರಿಯಲ್ ಹಾಡುಗಾರ್ತಿ ಬಹುಮಟ್ಟಿಗೆ ಒಂಟಿ. ಜಾಂಬಿಯಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿರುವ ಬ್ಯಾಕ್‌ವಾಷ್ ಎಂಬ ಟ್ರಾನ್ಸ್ ರ‍್ಯಾಪರ್‌ಗೆ ಕೆನಡಾದ 2020ರ ಪೊಲಾರಿಸ್ ಸಂಗೀತ ಪ್ರಶಸ್ತಿ ತಂದುಕೊಟ್ಟ ಆಲ್ಬಮ್ಮಿನ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ದೇವರಿಗೂ ಇದಕ್ಕೂ ಸಂಬಂಧವಿಲ್ಲ, ಅವನನ್ನು ಎಳೆದು ತರಬೇಡಿ’ ಎಂದಾಗುತ್ತದೆ. ಒಬ್ಬರು ದೇವಿಯ ಹೆಸರಿನಿಂದಲೇ ಹಾಡು ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರು ದೇವರನ್ನು ಬದಿಗಿಟ್ಟ ಮೇಲೆ. ಈ ಅಂತರವನ್ನು ‘ರೂಪ’ವೆಂಬ ಒಂದು ಪದದಿಂದ ಮುಚ್ಚಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಪ್ರಶ್ನೆ: ಇದನ್ನು ಕೇಳುವುದು ಎಲ್ಲಿಂದ ಶುರುಮಾಡಲಿ? ವಯಸ್ಸು ಅರವತ್ತೆಂಟು.
— ಓದುಗರು, ಶಿರಸಿ

ಉತ್ತರ: ಬ್ಯಾಕ್‌ವಾಷ್ ಅವರ ಮೇಲಿನ ಆಲ್ಬಮ್ಮಿನಿಂದ ಶುರುಮಾಡಿ, ಅದರಲ್ಲಿ ಮಾತು ಮುಂದಿದೆ, ಸದ್ದು ಅದರ ಹಿಂದಿದೆ. ಒಂದೇ ಕೂರಿಕೆಯಲ್ಲಿ ಮುಗಿಸುವ ಹಟ ಬೇಡ. ವಾಲ್ಯೂಮನ್ನು ತಗ್ಗಿಸಿಯೇ ಇಡಿ, ಏಕೆಂದರೆ 85 ಡೆಸಿಬಲ್ ಮೀರಿದ ಸದ್ದನ್ನು ಗಂಟೆಗಟ್ಟಲೆ ಕೇಳಿದರೆ ಕಿವಿಗೆ ಹಾನಿಯಾಗುತ್ತದೆ, ಅದು ಭೀಮಸೇನ ಜೋಶಿಯವರ ತಾನವಾದರೂ ಅಷ್ಟೆ. ಹಾಡಿನ ಸಾಹಿತ್ಯವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಮೊದಲ ಸಲ ಓದಿ, ಎರಡನೆಯ ಸಲ ಕೇಳಿ.